ಬೆಚ್ಚಗಿಟ್ಟರೆ ಮುನಿಯುವ ಹೂವು

ಚಿಕ್ಕಮಗಳೂರು ಕಡೆ ಕತ್ತರಿ ತಪ್ಪಿಸಿಕೊಂಡ ಚಹಾ ಗಿಡದಲ್ಲಿ ಬಿಳಿ ದಳ, ಹಳದಿ ಕೇಸರದ ಪುಟ್ಟ ಹೂ ಕಂಡವರಿಗೆ ಕೆಮೀಲಿಯಾ ಪೂರಾ ಹೊಸಬಳಲ್ಲ. ಇಬ್ಬರದೂ ಒಂದೇ ಕುಲ. ಅಕ್ಕ ಲೋಟಕ್ಕಿಳಿದಳು, ತಂಗಿ ಸಿಂಗಾರ ಮಾಡಿಕೊಂಡು ಕೂತಳು. ಅದೂ ಚಳಿಗಾಲ ಮುಗಿಯುವ ಹೊತ್ತಿಗೆ, ಸುತ್ತಲಿನ ಮರಗಳಿನ್ನೂ ಬೋಳಾಗಿರುವಾಗ.

ಹಿಮ ಬೀಳುವ ಊರುಗಳಲ್ಲಿ ಹೂ ಕೆಟ್ಟರೆ ಬೈಗುಳವೆಲ್ಲ ಚಳಿಗೆ. ಬೆಳಗಿನ ಬಿಸಿಲು ಮಾತ್ರ ಸಂಭಾವಿತನಂತೆ ನುಣುಚಿಕೊಳ್ಳುತ್ತದೆ. ರಾತ್ರಿ ಹೆಪ್ಪುಗಟ್ಟಿದ ಮೊಗ್ಗು ಮೆಲ್ಲಗೆ ಕರಗಿದರೆ ಎಷ್ಟೋ ಸಲ ಬದುಕಿಕೊಳ್ಳುತ್ತದೆ. ಬಿಸಿಲು ಬಿದ್ದು ಸರ್ರನೆ ಕರಗಿದರೆ ದಳ ಕಂದುತ್ತದೆ. ನೆಲ ಗಡ್ಡೆಕಟ್ಟಿದಾಗ ಬೇರಿಗೆ ನೀರಿಲ್ಲ, ಎಲೆಯಿಂದ ಮಾತ್ರ ಗಾಳಿ ನೀರು ಹೀರುತ್ತಲೇ ಇರುತ್ತದೆ. ಆದ್ದರಿಂದ ನೆಡಲು ಪೂರ್ವಕ್ಕೆ ಮುಖಮಾಡಿದ ಗೋಡೆಯ ಬದಿ ಬೇಡ, ಉತ್ತರಕ್ಕೋ ಪಶ್ಚಿಮಕ್ಕೋ ಮುಖಮಾಡಿದ್ದು ಇರಲಿ. ನೆಡುವುದು ವಸಂತದಲ್ಲಿ, ಬೇರೂರಲು ಇಡೀ ಬೇಸಿಗೆ ಸಿಗುವಂತೆ. ಮಣ್ಣು ಹುಳಿಯಾಗಿರಬೇಕು, ಪಿಎಚ್ 5.5ರಿಂದ 6.5. ಬೇರಿನ ಹೆಂಟೆ ನೆಲಕ್ಕಿಂತ ಎರಡು ಬೆರಳು ಮೇಲೆ ನಿಲ್ಲಲಿ. ಆಳಕ್ಕೆ ಹೂತರೆ ಕೊಳೆಯುತ್ತದೆ. ಮೇಲೆ 5–8 ಸೆಂ.ಮೀ. ಪೈನ್ ತೊಗಟೆ, ಕಾಂಡಕ್ಕೆ ತಾಗದಂತೆ. ಜುಲೈ ದಾಟಿದ ಮೇಲೆ ಗೊಬ್ಬರ ಕೊಟ್ಟರೆ ಎಳೆ ಚಿಗುರು ಮೊದಲ ಹಿಮಕ್ಕೇ ಬಲಿ. ಕತ್ತರಿ ಆಡಿಸುವುದಿದ್ದರೆ ಹೂ ಮುಗಿದ ಕೂಡಲೇ. ಬೇಸಿಗೆಯಲ್ಲಿ ಮೊಗ್ಗು ಕಟ್ಟಿಬಿಟ್ಟಿರುತ್ತದೆ.

ಕುಂಡದ ಗಿಡವನ್ನು ‘ಪಾಪ, ಚಳಿ’ ಎಂದು ಹೀಟರ್ ಉರಿಯುವ ನಡುಮನೆಗೆ ತಂದಿರೋ, ಮೊಗ್ಗು ಪಟಪಟ ಉದುರಿತು.

ಇವಳ ಮರ್ಜಿ ಅರಿತವರು ಜರ್ಮನಿಯ ಡ್ರೆಸ್ಡೆನ್ ಬಳಿಯ ಪಿಲ್ನಿಟ್ಸ್ ಅರಮನೆ ತೋಟದವರು. ಅಲ್ಲಿ 1801ರಲ್ಲಿ ನೆಟ್ಟ ಗಿಡ ಈಗ ಎಂಟು ಮೀಟರ್ ದಾಟಿದ ಮರ. ಅದನ್ನು ಒಳಗೆ ಒಯ್ಯುವುದುಂಟೇ? ಮನೆಯೇ ಮರದ ಬಳಿಗೆ ಬರುತ್ತದೆ: 1992ರಿಂದ ಹಳಿಗಳ ಮೇಲೆ ಸರಿಯುವ 54 ಟನ್ನಿನ ಗಾಜಿನ ಮನೆ. ಚಳಿಗಾಲದಲ್ಲಿ ಒಳಗೆ 4ರಿಂದ 6 ಡಿಗ್ರಿ, ಅಷ್ಟೇ. ನೋಡಲು ಹೋದವರು ಕೋಟು ಬಿಚ್ಚುವ ಹಾಗಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಾವಿರಾರು ಕೆಂಪು ಹೂ, ನಡುವೆ ಹಳದಿ ಕೇಸರದ ಕುಚ್ಚು. ಮೂಗು ಚಾಚಿದವರಿಗೆ ನಿರಾಸೆ, ಪರಿಮಳವಿಲ್ಲ. ನೋಟ ಕೊಂಬೆಯಲ್ಲೇ ಮುಗಿಯುವುದೂ ಇಲ್ಲ: ದಳ ಬಿಡಿಯಾಗದೆ ಇಡೀ ಹೂವೇ ಕಳಚಿ ಬಿದ್ದು, ಕೆಳಗೂ ಒಂದು ಮರ ಅರಳಿದಂತಿರುತ್ತದೆ.

ಗಾಜಿಗೆ ಮುಂಚೆ ಇದ್ದದ್ದು ಮರದ ಹಲಗೆಯ ಮನೆ. 1905ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಆರಿಸಲು ಎರಚಿದ ನೀರು ಕೊಂಬೆಗಳ ಮೇಲೇ ಹೆಪ್ಪುಗಟ್ಟಿ ಮಂಜಿನ ಕವಚವಾಯಿತು. ಮರ ಅದರೊಳಗೇ ಉಳಿದುಕೊಂಡು ಮತ್ತೆ ಚಿಗುರಿತು.