ಲಿಫ್ಟಿಗೆ ನೋವಾಗದಿರಲಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುವ ಆ ಸುತ್ತೋಲೆಯನ್ನು ನೀವೂ ನೋಡಿರುತ್ತೀರಿ. ಮನೆ ಖಾಲಿ ಮಾಡುವವರು ಮೊದಲೇ ಅರ್ಜಿ ಕೊಡಬೇಕು. ಭಾನುವಾರ ಸಾಮಾನು ಸಾಗಿಸುವಂತಿಲ್ಲ. ಹತ್ತರಿಂದ ಐದರೊಳಗೆ ಎಲ್ಲ ಮುಗಿಯಬೇಕು, ಅಂದರೆ ಆಫೀಸಿಗೆ ರಜೆ ಹಾಕಬೇಕು. ಶಿಫ್ಟಿಂಗ್ ಚಾರ್ಜ್ ಇಷ್ಟು ಸಾವಿರ, ವಾಪಸ್ ಕೇಳಬೇಡಿ. ಇಷ್ಟನ್ನು ಓದಿ ಉಸಿರು ಬಿಡುವಷ್ಟರಲ್ಲಿ ಕೊನೆಯ ಸಾಲು, ದಪ್ಪ ಅಕ್ಷರದಲ್ಲಿ: ಬೀರು, ಮಂಚ, ಸೋಫಾ ಲಿಫ್ಟಿನಲ್ಲಿ ಹಾಕಬೇಡಿ, ಮೆಟ್ಟಿಲು ಬಳಸಿ.

ಲಿಫ್ಟ್ ಸವೆಯುತ್ತದೆ ಅಂತ ದುಡ್ಡು. ದುಡ್ಡು ಕೊಟ್ಟ ಮೇಲೆ ಲಿಫ್ಟ್ ಇಲ್ಲ. ಇಂಥ ಬುದ್ಧಿವಂತರು ಬಜೆಟ್ ಮಂಡಿಸುವುದು ಬಿಟ್ಟು ಕ್ಲಬ್‌ಹೌಸಿನಲ್ಲಿ ಕೂತು ಕಾಫಿ ಕುಡಿಯುತ್ತಿರುವುದು ನಾಡಿನ ನಷ್ಟ.

ಲಿಫ್ಟಿನೊಳಗೆ ಒಂದು ಬೋರ್ಡ್ ಇರುತ್ತದೆ, 8 ಜನ, 544 ಕೆ.ಜಿ. ಭಾಗಿಸಿ ನೋಡಿ, ತಲೆಗೆ 68 ಕೆ.ಜಿ. ನಮ್ಮ ಸಮಿತಿಯ ಪದಾಧಿಕಾರಿಗಳಲ್ಲಿ 68ಕ್ಕೆ ನಿಂತವರು ಯಾರೂ ಇದ್ದಂತಿಲ್ಲ, ಆದರೂ ಲಿಫ್ಟ್ ಅವರನ್ನು ದಿನಾ ಗೊಣಗದೆ ಹೊತ್ತುಕೊಂಡು ಹೋಗುತ್ತದೆ. ಅತ್ತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಂದು ಶಿಫಾರಸು ಮಾಡಿದೆ. ಗಟ್ಟಿಮುಟ್ಟಾದ ಗಂಡಸಿಗೂ ಒಮ್ಮೆಗೆ 55 ಕೆ.ಜಿ.ಗಿಂತ ಜಾಸ್ತಿ ಹೊರಿಸಬೇಡಿ ಅಂತ. 544 ಹೊರುವ ಯಂತ್ರಕ್ಕೆ ವಿಶ್ರಾಂತಿ, 55 ಹೊರುವ ಮನುಷ್ಯನಿಗೆ ಬೀರು.

ಬೀರು ಅಂದೆ ಅಲ್ವಾ, ಅದರ ಕಥೆಯೇ ಬೇರೆ. ಗೋದ್ರೇಜ್‌ನವರು ಉಕ್ಕಿನ ಬೀರು ಮಾಡಲು ಶುರು ಮಾಡಿದ್ದು 1923ರಲ್ಲಂತೆ, ಆಗಿನಿಂದ ನಮ್ಮ ಮನೆಗಳಲ್ಲಿ ಅದು ಹಿರಿಯರ ಲೆಕ್ಕ. ಮದುವೆಗೆ ಬಂದದ್ದು, ಹಾಗಾಗಿ ಮಾರುವಂತಿಲ್ಲ. ಒಳಗಿನ ಲಾಕರಿನ ಕೀ ಕಳೆದು ಎಷ್ಟೋ ಕಾಲವಾಗಿದೆ, ಅದರಲ್ಲೇನಿದೆ ಅಂತ ಯಾರಿಗೂ ಗೊತ್ತಿಲ್ಲ, ಆದರೆ ಬೀರು ಓರೆಯಾದ ಕೂಡಲೇ ಒಳಗೆ ಏನೋ ದಡದಡ ಉರುಳುತ್ತದೆ, ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಕನ್ನಡಿ ಇರುವ ಬಾಗಿಲು ಸರಿಯಾಗಿ ಮೆಟ್ಟಿಲಿನ ಮಧ್ಯದಲ್ಲೇ ತೆರೆದುಕೊಳ್ಳುತ್ತದೆ. ಅದನ್ನು ಮೊದಲೇ ಹಗ್ಗದಿಂದ ಕಟ್ಟಬೇಕಿತ್ತು ಅಂತ ಆಗ ಒಬ್ಬರಿಗೆ ನೆನಪಾಗುತ್ತದೆ. ಅವರು ಹೊರುವವರಲ್ಲ, ಮೇಲೆ ನಿಂತು ಹೇಳುವವರು.

ಇಂಟರ್‌ನೆಟ್ಟಿನಲ್ಲಿ ಸಲಹೆಗೆ ಬರವಿಲ್ಲ. ಬೆನ್ನು ನೇರ ಇರಲಿ, ಮಂಡಿ ಬಗ್ಗಿಸಿ, ಕಾಲಿನ ಬಲದಿಂದ ಎತ್ತಿ. ಸರಿಯಾದ ಮಾತೇ. ಆದರೆ ಇಪ್ಪತ್ತು–ಮೂವತ್ತರ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಮೆಟ್ಟಿಲಿಗೆ ಜಾಗ ಬಿಡುವುದನ್ನು ಮರೆತು ಆಮೇಲೆ ತುರುಕಿದಂತಿರುವ ಬಾಡಿಗೆ ಮನೆಯಲ್ಲಿ ಮಂಡಿ ಬಗ್ಗಿಸಿದರೆ ಅದು ಗೋಡೆಗೆ ಬಡಿಯುತ್ತದೆ. ಇಳಿಸುವಾಗ ಭಾರವೆಲ್ಲ ಕೆಳಗೆ ಹಿಡಿದವನ ಮೇಲೆ. ಆ ಜಾಗಕ್ಕೆ ಪ್ರತಿ ಸಲ ಸಿಗುವುದು ಬಿರಿಯಾನಿ ಆಸೆಗೆ ಬಂದ ಸಣಕಲು ಗೆಳೆಯ.

ಇನ್ನು ಫ್ರಂಟ್ ಲೋಡ್ ವಾಷಿಂಗ್ ಮಷೀನ್. ಅದು ಬಂದಾಗ ಹಿಂದೆ ಉದ್ದನೆಯ ಬೋಲ್ಟುಗಳು ಇರುತ್ತವೆ, ಸಾಗಿಸುವಾಗ ಡ್ರಮ್ ಅಲ್ಲಾಡದಿರಲಿ ಅಂತ. ಮನೆ ಬದಲಿಸುವಾಗ ಮತ್ತೆ ಹಾಕಬೇಕು, ಎತ್ತಿಡಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಎತ್ತಿಟ್ಟವರು ಕರ್ನಾಟಕದಲ್ಲಿ ಯಾರಾದರೂ ಇದ್ದರೆ ರಾಜ್ಯೋತ್ಸವ ಪ್ರಶಸ್ತಿಗೆ ನನ್ನ ಶಿಫಾರಸು ಇದೆ. ಉಳಿದವರ ಡ್ರಮ್ಮು ನಮ್ಮ ರಸ್ತೆಗುಂಡಿಗಳ ಮೇಲೆ ಚೋಟಾ ಹಾಥಿಯಲ್ಲಿ ಕುಣಿಯುತ್ತಾ ಹೋಗುತ್ತದೆ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬಿನ ಬಗ್ಗೆ ಹೇಳುವುದೇನೂ ಇಲ್ಲ. ಬಿಚ್ಚಿದಿರೋ, ಮುಂದೆ ಸ್ಕ್ರೂ ಹಿಡಿಯುವುದಿಲ್ಲ. ಬಿಚ್ಚದಿದ್ದರೆ ಬಾಗಿಲು ದಾಟುವುದಿಲ್ಲ.

ಸೋಫಾ ತಿರುವಿನಲ್ಲಿ ಸಿಕ್ಕಿಕೊಂಡಿತು ಅನ್ನಿ. ಆಗ ಯಾರೋ ಮಹಾನುಭಾವ ಹೇಳುತ್ತಾನೆ, ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸೋಣ. ಇಲ್ಲಿ ನನಗೆ ತಮಾಷೆ ಬರುವುದಿಲ್ಲ. 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ಕರೆಂಟ್ ತಂತಿಗೂ ಕಟ್ಟಡಕ್ಕೂ ಅಡ್ಡದಲ್ಲಿ ಕನಿಷ್ಠ 1.2 ಮೀಟರ್ ಅಂತರ ಬೇಕು ಅನ್ನುತ್ತದೆ ನಿಯಮ. ಎಷ್ಟೋ ಗಲ್ಲಿಗಳಲ್ಲಿ ಬಾಲ್ಕನಿಯಿಂದ ಕೈ ಚಾಚಿದರೆ ತಂತಿ. ಅಲ್ಲಿ ಕಬ್ಬಿಣದ ಮಂಚದ ಚೌಕಟ್ಟನ್ನು ತೂಗಾಡಿಸುತ್ತೀರಾ? ಕಟ್ಟಿದವನಿಗೆ ಅಂತರ ಬೇಡ, ನೋಡಬೇಕಾದವರಿಗೆ ಕಣ್ಣಿಲ್ಲ, ಸಾಯುವವನು ಬಾಡಿಗೆಯವನು ಅಥವಾ ಅವನು ಕರೆತಂದ ಕೂಲಿ ಹುಡುಗ. ಬಿದ್ದ ಮೇಲೂ ಮೊದಲು ಬರುವ ಪ್ರಶ್ನೆ ಗೋಡೆಗೆ ಗೀರಾಯ್ತಾ ಅಂತ. ಸಾಕಾಗಿದೆ ರೀ.

ಮಾಡಬೇಕಾದ್ದು ಏನು ಮಹಾ? ಲಿಫ್ಟಿನ ಒಳಗೋಡೆಗೆ ನಾಲ್ಕು ಪ್ಲೈವುಡ್ ಹಲಗೆಯೋ ಹಳೇ ಹಾಸಿಗೆಯೋ ಒರಗಿಸಿ, ಎರಡು ಗಂಟೆ ಬಿಟ್ಟುಕೊಡಿ. ಲಿಫ್ಟಿನೊಳಗೆ ಹಿಡಿಯುವಷ್ಟನ್ನಾದರೂ ಅದರಲ್ಲಿ ಇಳಿಸಲಿ. ಒಬ್ಬರು ಇದನ್ನು ಸಭೆಯಲ್ಲಿ ಹೇಳಿದರು ಕೂಡ. ಒಳ್ಳೆಯ ಸಲಹೆ, ಮುಂದಿನ ವರ್ಷದ ಜನರಲ್ ಬಾಡಿಯಲ್ಲಿ ವೋಟಿಗೆ ಹಾಕೋಣ ಅಂತ ನಿರ್ಧಾರವಾಯಿತು. ಹೇಳಿದವರು ಬಾಡಿಗೆಯವರು. ಅವರಿಗೆ ವೋಟಿಲ್ಲ.