‘ಹೋಗ್ಲಿಕ್ಕುಂಟು’ ಅನ್ನುವ ಮಕ್ಕಳಿಗೆ ‘ವಿಲ್’ ಒಂದೇ ಯಾಕೆ?

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡ್ಕೊಂಡು ನಮ್ಮ ಜಗಲಿಗೆ ಬಂದಳು. ಗುರುವಾರ ಬೆಂಗಳೂರಲ್ಲಿ ಇಂಟರ್‌ವ್ಯೂ. ಬರುವುದು ಖಂಡಿತವಾ ಅಂತ ಕಂಪೆನಿಯವರು ಕೇಳಿದ್ದರು. "ಐ ವಿಲ್ ಕಮ್ ಆನ್ ಥರ್ಸ್‌ಡೇ" ಅಂತ ಟೈಪ್ ಮಾಡಿದ್ದಳು. "ಟೀಚರ್, ಸರಿ ಉಂಟಾ?"

ತಪ್ಪೇನಿಲ್ಲ. ಆದರೆ ಉಡುಪಿಯಿಂದ ಬಸ್ಸಿನ ಟಿಕೆಟ್ ಆಗಿದೆ, ಉಳಿಯಲಿಕ್ಕೆ ಚಿಕ್ಕಮ್ಮನ ಮನೆಯೂ ಉಂಟು. ಇದನ್ನೇ ಅಮ್ಮನ ಹತ್ತಿರ ಹೇಗೆ ಹೇಳ್ತೀ ಅಂತ ಕೇಳಿದೆ. "ಗುರುವಾರ ಬೆಂಗಳೂರಿಗೆ ಹೋಗ್ಲಿಕ್ಕುಂಟು." ಹಾಗಾದರೆ "ಐ ಆ್ಯಮ್ ಕಮಿಂಗ್ ಆನ್ ಥರ್ಸ್‌ಡೇ" ಅಂತ ಬರಿ ಅಂದೆ. ಏರ್ಪಾಡು ಮುಗಿದ ಕೆಲಸಕ್ಕೆ ಇಂಗ್ಲಿಷಿನವರು ನಡೆಯುತ್ತಿರುವ ವರ್ತಮಾನವನ್ನೇ ಬಳಸ್ತಾರೆ.

ಫ್ಯೂಚರ್ ಅಂದರೆ ವಿಲ್, ಶಲ್ ಅಂತ ವರ್ಷಗಟ್ಟಲೆ ನಾನೂ ಬೋರ್ಡಿನ ಮೇಲೆ ಬರೆದವಳು. ಆ ಪಟ್ಟಿಯಿಂದ ಮಕ್ಕಳಿಗೆ ಅನ್ಯಾಯವಾಗಿದೆ ಅಂತ ಈಗ ಬಲವಾಗಿ ಅನಿಸ್ತದೆ. ಯಾಕೆಂದರೆ ಈ ವ್ಯತ್ಯಾಸಗಳು ನಮ್ಮ ಕರಾವಳಿ ಮಕ್ಕಳ ನಾಲಗೆಯಲ್ಲೇ ಇವೆ. ಗೇಟಿನ ಸದ್ದಾದರೆ "ಇರಿ, ನಾನು ನೋಡ್ತೇನೆ" ಅಂತಾರಲ್ಲ, ಆ ಕ್ಷಣ ಹುಟ್ಟಿದ ತೀರ್ಮಾನ, ಅಲ್ಲಿಗೆ ವಿಲ್. "ಎಂಕಾಂ ಮಾಡ್ಬೇಕೂಂತ ಇದ್ದೇನೆ" ಅಂದರೆ ಮೊದಲೇ ಮನಸ್ಸಲ್ಲಿದ್ದದ್ದು, ಅದು ಗೋಯಿಂಗ್ ಟು. ಪಡುವಣದ ಮೋಡ ನೋಡಿ "ಮಳೆ ಬರುವ ಹಾಗುಂಟು" ಅಂತೇವೆ. ಅದಕ್ಕೂ ಗೋಯಿಂಗ್ ಟು, ಕಣ್ಣೆದುರು ಕುರುಹು ಇದೆಯಲ್ಲ.

ನೂರಕ್ಕೆ ನೂರು ಹೊಂದುವುದಿಲ್ಲ, ನಿಜ. ‘ಹೋಗ್ಲಿಕ್ಕುಂಟು’ ಅನ್ನುವಾಗ ‘ಹೋಗಲೇಬೇಕು’ ಎಂಬ ಭಾರವೂ ತುಸು ಇರ್ತದೆ, ‘ಐ ಆ್ಯಮ್ ಗೋಯಿಂಗ್’ನಲ್ಲಿ ಅದು ಇಲ್ಲ. ಅದನ್ನೂ ಮಕ್ಕಳಿಗೆ ಬಿಡಿಸಿ ಹೇಳಬಹುದು.

ವೇಳಾಪಟ್ಟಿಯ ಮಾತಿಗೆ ನಮ್ಮೂರಿಗಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗ್ತದೆ? ಕೃಷ್ಣ ಮಠದ ಪೂಜೆಯ ಸರದಿ, ಅಂದರೆ ಪರ್ಯಾಯ, ಎಂಟು ಮಠಗಳಿಗೆ ಎರಡೆರಡು ವರ್ಷ. ಶೀರೂರು ಮಠದ ನಂತರ ಸೋದೆ ಮಠದ್ದು, 2028ರ ಜನವರಿ 18ಕ್ಕೆ. ಇಂಗ್ಲಿಷಿನಲ್ಲಿ "ದ ಪರ್ಯಾಯ ಸ್ಟಾರ್ಟ್ಸ್ ಆನ್ ಜನವರಿ 18" ಅಂದರೆ ಸಾಕು. ಮುಂದಿನ ಮಾತಾದರೂ ಸಾದಾ ವರ್ತಮಾನ.

ಅಸಲಿಗೆ ಇಂಗ್ಲಿಷಿನ ಕ್ರಿಯಾಪದಕ್ಕೆ ನಮ್ಮ ‘ಹೋಗುವೆನು’ವಿನಂಥ ಸ್ವಂತ ಭವಿಷ್ಯದ ರೂಪವೇ ಇಲ್ಲ. ‘ವಿಲ್’ ಮೂಲದಲ್ಲಿ ‘ಬಯಸು’. ಆಸ್ತಿಗೆ ಬರೆಸುವ ‘ಉಯಿಲು’ ಅದೇ ಬೇರಿನ ಮಾತು. ‘ಶಲ್’ ಅಂದರೆ ತೀರಿಸಬೇಕಾದ ಋಣ. ಇಷ್ಟು ಹೇಳಿದರೆ ಎಂಟನೇ ಕ್ಲಾಸಿನ ಮಕ್ಕಳೂ ಕಿವಿಗೊಟ್ಟು ಕೇಳ್ತಾರೆ.

ಈಗ ಪಾಠ ಮಾಡುತ್ತಿರುವ ಟೀಚರುಗಳೇ, ಮುಂದಿನ ಸಲ ಫ್ಯೂಚರ್ ಟೆನ್ಸಿನ ಪಾಠ ಬಂದಾಗ ಪಟ್ಟಿ ಬರೆಯುವ ಮೊದಲು "ನಾಳೆ ನಿಂಗೆ ಎಂತ ಉಂಟು?" ಅಂತ ಒಬ್ಬೊಬ್ಬರನ್ನೇ ಕೇಳಿ. ಅವರು ಹೇಳಿದ್ದನ್ನು ಹಾಗೆಯೇ, ಮನೆಯ ಕನ್ನಡದಲ್ಲೇ, ಬೋರ್ಡಿನ ಮೇಲೆ ಬರೀರಿ.