ಹುವಾನಿತಾಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬೇಕೇ? ಪರ – ವಿರೋಧ

ಪೆರು ದೇಶದ ದಕ್ಷಿಣದಲ್ಲಿ ಅರೆಕಿಪಾ ಅನ್ನುವ ಊರಿದೆ. ಅಲ್ಲಿನ ವಿಶ್ವವಿದ್ಯಾಲಯವೊಂದರ ಮ್ಯೂಸಿಯಂನಲ್ಲಿ, ಮಂದ ಬೆಳಕಿನ ಕೋಣೆಯೊಳಗೆ, ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿಯಲ್ಲಿ ಒಬ್ಬ ಹುಡುಗಿಯ ದೇಹವಿದೆ. ಐನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆಂಡಿಸ್ ಬೆಟ್ಟಸಾಲಿನಲ್ಲಿ ಸಾಮ್ರಾಜ್ಯ ಕಟ್ಟಿದ್ದ ಇಂಕಾ ಜನ ಆಂಪಾಟೊ ಬೆಟ್ಟದ ತುದಿಯಲ್ಲಿ ಬಲಿ ಕೊಟ್ಟ ಹುಡುಗಿ. ಆಗ ಅವಳಿಗೆ ಹದಿಮೂರು ಹದಿನಾಲ್ಕರ ಆಸುಪಾಸು. ಪಕ್ಕದ ಸಬಂಕಾಯ ಜ್ವಾಲಾಮುಖಿಯ ಬಿಸಿ ಬೂದಿ ಬಿದ್ದು ಆಂಪಾಟೊದ ಹಿಮ ಕರಗಿತ್ತು. 1995ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಯೋಹಾನ್ ರೈನ್‌ಹಾರ್ಡ್ ಮತ್ತು ಪೆರುವಿನ ಪರ್ವತಾರೋಹಿ ಮಿಗೆಲ್ ಸಾರಾತೆ ಅಲ್ಲಿಗೆ ಹತ್ತಿದಾಗ ಈ ದೇಹ ಸಿಕ್ಕಿತು. ಅವಳನ್ನು ಹುವಾನಿತಾ ಅಂತ ಕರೆಯುತ್ತಾರೆ. ಅವಳನ್ನು ಹೀಗೆ ಜನರಿಗೆ ತೋರಿಸುವುದು ಸರಿಯೇ?

ಪರ: ತೋರಿಸಬೇಕು

ಇಂಕಾಗಳಿಗೆ ನಾವು ಓದಬಲ್ಲ ಬರಹ ಇರಲಿಲ್ಲ. ಗಂಟು ಹಾಕಿದ ದಾರಗಳ ಕಿಪು ಇತ್ತು, ಅದನ್ನು ಪೂರ್ತಿಯಾಗಿ ಓದಲು ಇವತ್ತಿಗೂ ಯಾರಿಗೂ ಆಗಿಲ್ಲ. ಹಾಗಾಗಿ ಕಪಕೋಚ ಅನ್ನುವ ಮಕ್ಕಳ ಬಲಿಯ ಬಗ್ಗೆ ಬರಹದಲ್ಲಿ ಉಳಿದದ್ದು ಹೆಚ್ಚಾಗಿ ಸ್ಪೇನ್‌ನಿಂದ ಬಂದ ಪಾದ್ರಿಗಳು, ಸೈನಿಕರು ಬರೆದದ್ದು. ಗೆದ್ದವರು ಸೋತವರ ಬಗ್ಗೆ ಬರೆದ ಮಾತನ್ನು ಎಷ್ಟು ನಂಬುವುದು? ಈ ಅನುಮಾನ ಬಹಳ ಕಾಲ ಇತ್ತು. ಅದಕ್ಕೆ ಉತ್ತರ ಕೊಟ್ಟಿದ್ದು ಬೆಟ್ಟಗಳ ಮೇಲೆ ಸಿಕ್ಕ ಮಕ್ಕಳೇ.

ಹುವಾನಿತಾಳ ತಲೆಬುರುಡೆಯ ಸ್ಕ್ಯಾನ್‌ನಲ್ಲಿ ಬಲಗಣ್ಣಿನ ಹತ್ತಿರ ಜೋರಾದ ಪೆಟ್ಟಿನ ಗುರುತು ಕಂಡಿತು. 1999ರಲ್ಲಿ ಅರ್ಜೆಂಟೀನಾದ ಯುಯಾಯಾಕೊ ಶಿಖರದಲ್ಲಿ, 6,700 ಮೀಟರಿಗೂ ಮೇಲೆ, ಇನ್ನೂ ಮೂರು ಮಕ್ಕಳು ಸಿಕ್ಕರು. ಅವರಲ್ಲಿ ದೊಡ್ಡವಳ ಕೂದಲನ್ನು ಪರೀಕ್ಷಿಸಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೂದಲು ಬೆಳೆಯುತ್ತಾ ಹೋದ ಹಾಗೆ ತಿಂದದ್ದು ಕುಡಿದದ್ದರ ಗುರುತು ಅದರಲ್ಲಿ ಉಳಿಯುತ್ತದೆ. ಸಾಯುವ ಸುಮಾರು ಒಂದು ವರ್ಷ ಮೊದಲು ಆ ಹುಡುಗಿಯ ಊಟ ಬದಲಾಗಿತ್ತು. ಕೊನೆಯ ವಾರಗಳಲ್ಲಿ ಮದ್ಯ ತುಂಬಾ ಜಾಸ್ತಿಯಾಗಿತ್ತು. ಯಾವ ಪಾದ್ರಿಯೂ ಇದನ್ನು ಇಷ್ಟು ಬಿಡಿಸಿ ಬರೆದಿರಲಿಲ್ಲ.

ಇದನ್ನೆಲ್ಲ ಪ್ರಯೋಗಾಲಯದಲ್ಲೇ ಮಾಡಬಹುದು, ಜನರಿಗೆ ಯಾಕೆ ತೋರಿಸಬೇಕು ಅಂತ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಚರಿತ್ರೆ ವಿದ್ವಾಂಸರ ಆಸ್ತಿ ಅಲ್ಲ. ಇವತ್ತು ಜಗತ್ತಿಗೆ ಗೊತ್ತಿರುವ ಇಂಕಾ ಅಂದರೆ ಮಾಚು ಪಿಚುವಿನ ಕಲ್ಲುಗೋಡೆ. ಕೂದಲೆಳೆ ನುಗ್ಗದ ಹಾಗೆ ಜೋಡಿಸಿದ ಕಲ್ಲು, ಬೆಟ್ಟ ಕಡಿದು ಮಾಡಿದ ಮೆಟ್ಟಿಲು ಗದ್ದೆ, ಮಂಜು. ಅದೇ ಸಾಮ್ರಾಜ್ಯ ಮಕ್ಕಳನ್ನು ಆರಿಸಿ, ರಾಜಧಾನಿ ಕುಸ್ಕೊಗೆ ಕರೆಸಿ, ಮೆರವಣಿಗೆಯಲ್ಲಿ ಬೆಟ್ಟಕ್ಕೆ ನಡೆಸಿಕೊಂಡು ಹೋಗುತ್ತಿತ್ತು. ಎರಡೂ ನಿಜ. ಹುವಾನಿತಾಳ ಮುಂದೆ ನಿಂತವರು ಎರಡನೆಯದನ್ನು ಮರೆಯಲು ಆಗುವುದಿಲ್ಲ.

ಸತ್ತವರನ್ನು ಹೊರಗೆ ತಂದು ತೋರಿಸುವುದು ಆಂಡಿಸ್ ಜನರಿಗೆ ಹೊಸದೂ ಅಲ್ಲ. ಇಂಕಾ ದೊರೆಗಳ ದೇಹಗಳನ್ನು ಹಬ್ಬದ ದಿನ ಕುಸ್ಕೊದ ಚೌಕಕ್ಕೆ ತಂದು ಕೂರಿಸುತ್ತಿದ್ದರು. ಗುಆಮಾನ್ ಪೋಮ, ಇಂಕಾಗಳ ನುಡಿಯಾದ ಕೆಚುವಾ ಆಡುವ ಮನೆತನದಲ್ಲೇ ಹುಟ್ಟಿದವನು, 1615ರ ಹೊತ್ತಿಗೆ ಮುಗಿಸಿದ ತನ್ನ ಬರಹದಲ್ಲಿ ನವೆಂಬರ್ ತಿಂಗಳ ಪುಟಕ್ಕೆ ಅಂಥದ್ದೇ ಮೆರವಣಿಗೆ ಚಿತ್ರಿಸಿದ್ದಾನೆ. ಸತ್ತವರನ್ನು ಕಣ್ಣಿಗೆ ಬೀಳದ ಹಾಗೆ ಮಾಡಿದ್ದು ಸ್ಪೇನ್‌ನವರು. 1559ರಲ್ಲಿ ಅವರ ಅಧಿಕಾರಿ ಪೋಲೊ ದೆ ಒಂದೆಗಾರ್ದೊ ರಾಜರ ದೇಹಗಳನ್ನು ಹುಡುಕಿ ವಶಪಡಿಸಿಕೊಂಡ. ಅವುಗಳಲ್ಲಿ ಕೆಲವು ಲಿಮಾದ ಒಂದು ಆಸ್ಪತ್ರೆ ಸೇರಿ ಕಾಣೆಯಾದವು. ಆಮೇಲೆ ಬಂದ ಪಾದ್ರಿಗಳು ಹಳ್ಳಿಹಳ್ಳಿ ತಿರುಗಿ ಹಿರಿಯರ ದೇಹಗಳನ್ನು ಸುಟ್ಟರು. ಈಗ ಮತ್ತೆ ಮುಚ್ಚಿಡಿ ಅನ್ನುವವರು ಇದನ್ನೂ ನೆನಪಿಡಬೇಕು.

ಇನ್ನು ಖರ್ಚಿನ ಮಾತು. ಚಳಿ ಪೆಟ್ಟಿಗೆ ಹಗಲು ರಾತ್ರಿ ಓಡಬೇಕು, ಕೆಟ್ಟರೆ ತಕ್ಷಣ ರಿಪೇರಿ ಆಗಬೇಕು. ಟಿಕೆಟ್ ತೆಗೆದುಕೊಂಡು ಬರುವವರಿಂದ ಅದಕ್ಕೆ ಆಧಾರ ಸಿಗುತ್ತದೆ. ಅಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ, ಗೈಡ್ ಜೊತೆಗೇ ಹೋಗಬೇಕು. ಇದಕ್ಕಿಂತ ಗೌರವವಾಗಿ ತೋರಿಸುವುದು ಕಷ್ಟ.

ವಿರೋಧ: ತೋರಿಸಬಾರದು

ಅವಳು ಮಗು. ನನ್ನ ವಾದ ಇಲ್ಲಿಂದಲೇ ಶುರು, ಬಹುಮಟ್ಟಿಗೆ ಇಲ್ಲೇ ಮುಗಿಯುತ್ತದೆ ಕೂಡ.

ಸಾಯುವಾಗ ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಆ ವಯಸ್ಸಿನ ಮಗುವಿನ ಒಪ್ಪಿಗೆಗೆ ಏನು ಅರ್ಥ? ಕಪಕೋಚದ ಹಿಂದೆ ಭಕ್ತಿ ಇತ್ತು, ರಾಜಕೀಯವೂ ಇತ್ತು. ಒಕ್ರೋಸ್ ಊರಿನ ಕತೆಯೊಂದನ್ನು 1622ರಲ್ಲಿ ಎರ್ನಾಂದೆಸ್ ಪ್ರಿನ್ಸಿಪೆ ಅನ್ನುವ ಪಾದ್ರಿ ದಾಖಲಿಸಿದ್ದಾನೆ. ಕಾಕೆ ಪೋಮ ಅನ್ನುವವನು ತನ್ನ ಹತ್ತು ವರ್ಷದ ಮಗಳು ತಾಂತ ಕರ್ವಾಳನ್ನು ಇಂಕಾ ದೊರೆಗೆ ಒಪ್ಪಿಸಿದ. ಅವಳು ಕುಸ್ಕೊಗೆ ಹೋಗಿ ಗೌರವ ಪಡೆದು ವಾಪಸ್ ಬಂದಳು. ಊರ ಬೆಟ್ಟದಲ್ಲಿ ಅವಳನ್ನು ಜೀವಂತ ಹೂತರು. ಅಪ್ಪನಿಗೆ ಮುಖಂಡನ ಪದವಿ ಸಿಕ್ಕಿತು. ದೊಡ್ಡವರು ತಮ್ಮ ಕೆಲಸಕ್ಕೆ ಮಗುವನ್ನು ಬಳಸಿಕೊಂಡರು. ಅವಳಂಥದ್ದೇ ಇನ್ನೊಂದು ಮಗುವಿನ ದೇಹವನ್ನು ಪ್ರವಾಸಿಗರ ಪಟ್ಟಿಗೆ ಸೇರಿಸಿದರೆ ಬಳಸಿಕೊಳ್ಳುವವರು ಬದಲಾದರು, ಅಷ್ಟೇ. ಹುವಾನಿತಾ ಅನ್ನುವ ಹೆಸರು ಕೂಡ ಅವಳದ್ದಲ್ಲ, ಹುಡುಕಿದ ಯೋಹಾನ್‌ನ ಹೆಸರಿನಿಂದ (ಸ್ಪ್ಯಾನಿಷ್‌ನಲ್ಲಿ ಹುವಾನ್) ಬಂದದ್ದು. 1996ರಲ್ಲಿ ಅವಳನ್ನು ವಾಷಿಂಗ್ಟನ್‌ಗೆ ಒಯ್ದು ಪ್ರದರ್ಶನಕ್ಕಿಟ್ಟರು, ಆಮೇಲೆ ಜಪಾನ್‌ಗೂ ಕಳಿಸಿದರು.

ದೊರೆಗಳ ದೇಹಗಳನ್ನು ಚೌಕಕ್ಕೆ ತರುತ್ತಿದ್ದರಲ್ಲ ಅನ್ನುವ ಮಾತು ಸರಿ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಆ ದೇಹಗಳನ್ನು ನೋಡಿಕೊಳ್ಳುತ್ತಿದ್ದವರು ಅವರವರ ವಂಶದವರೇ. ಬಟ್ಟೆ ಉಡಿಸಿ, ಮುಂದೆ ಚಿಚಾ ಅನ್ನುವ ಮೆಕ್ಕೆಜೋಳದ ಮದ್ಯ ಇಟ್ಟು, ಬದುಕಿದ್ದವರ ಹಾಗೇ ಉಪಚರಿಸುತ್ತಿದ್ದರು. ಬೆಟ್ಟದ ಮಕ್ಕಳ ವಿಷಯ ಬೇರೆ. ಅವರನ್ನು ಇಟ್ಟದ್ದು ಉಸಿರಾಡಲೂ ಕಷ್ಟವಾಗುವ ಎತ್ತರದಲ್ಲಿ, ಬೆಟ್ಟದ ಒಡೆಯನಾದ ಅಪುವಿಗೆ. ಮನುಷ್ಯರು ನೋಡಲಿ ಅಂತಲ್ಲ.

ಅಪು ಹಳೆಯ ಕಾಲದ ನಂಬಿಕೆಯಾಗಿ ಮುಗಿದುಹೋಗಿಲ್ಲ. 2017ರ ಜನಗಣತಿಯಲ್ಲಿ ಪೆರುವಿನ 37 ಲಕ್ಷಕ್ಕೂ ಹೆಚ್ಚು ಜನ ಕೆಚುವಾ ತಮ್ಮ ತಾಯ್ನುಡಿ ಅಂತ ಹೇಳಿದ್ದಾರೆ. ಆಗಸ್ಟ್ ಬಂತೆಂದರೆ ಆಂಡಿಸ್ ಹಳ್ಳಿಗಳಲ್ಲಿ ಭೂಮಿತಾಯಿಗೆ, ಬೆಟ್ಟಗಳಿಗೆ ಕೋಕಾ ಎಲೆ, ಕೊಬ್ಬು, ಮೆಕ್ಕೆಜೋಳ ಅರ್ಪಿಸುತ್ತಾರೆ. ನೀರು ಬರುವುದು ಆ ಬೆಟ್ಟಗಳಿಂದಲೇ ಅಲ್ವಾ? ಅವರ ಪಾಲಿಗೆ ಆಂಪಾಟೊಗೆ ಕೊಟ್ಟದ್ದನ್ನು ಹೊರಗಿನವರು ಬಂದು ಎತ್ತಿಕೊಂಡು ಹೋಗಿದ್ದಾರೆ.

ಸಂಶೋಧನೆ ಬೇಡ ಅಂತ ನಾನು ಹೇಳುತ್ತಿಲ್ಲ. ಕೂದಲ ಪರೀಕ್ಷೆಯಿಂದ ತಿಳಿದದ್ದು ದೊಡ್ಡದು, ಅದಿಲ್ಲದಿದ್ದರೆ ಆ ಮಕ್ಕಳ ಕೊನೆಯ ತಿಂಗಳುಗಳು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಆ ಪರೀಕ್ಷೆಗೆ ಪ್ರೇಕ್ಷಕರು ಬೇಕಾಗಿರಲಿಲ್ಲ. ವಾಪಸ್ ಬೆಟ್ಟಕ್ಕೆ ಒಯ್ಯಿರಿ ಅಂತಲೂ ಹೇಳಲಾರೆ. ಹಿಮ ಕರಗುತ್ತಿದೆ, ಕಳ್ಳರಿದ್ದಾರೆ. 1987ರಲ್ಲಿ ಸಿಪಾನ್‌ನ ಇಂಕಾಗಳಿಗಿಂತ ಹಳೆಯ ಮೋಚೆ ಜನರ ಗೋರಿಗಳಿಗೆ ಪುರಾತತ್ತ್ವಜ್ಞರಿಗಿಂತ ಮೊದಲು ಕಳ್ಳರೇ ನುಗ್ಗಿದ್ದರು.

ನಡುವೆ ಒಂದು ದಾರಿ ಇದೆ. ಚಿಲಿಯ ಎಲ್ ಪ್ಲೋಮೊ ಬೆಟ್ಟದಲ್ಲಿ 1954ರಲ್ಲಿ ಇಂಥದ್ದೇ ಒಬ್ಬ ಹುಡುಗ ಸಿಕ್ಕಿದ್ದ. ಸಾಂಟಿಯಾಗೊದ ಮ್ಯೂಸಿಯಂನವರು ಅವನ ದೇಹವನ್ನು ಒಳಗೆ ಜೋಪಾನವಾಗಿಟ್ಟು, ಜನರಿಗೆ ಅದರ ಪ್ರತಿಕೃತಿ ತೋರಿಸುತ್ತಾರೆ. ಅರೆಕಿಪಾಗೂ ಇದು ಕಷ್ಟವಲ್ಲ. 2023ರಲ್ಲಿ ಸ್ವೀಡನ್ನಿನ ಶಿಲ್ಪಿ ಆಸ್ಕರ್ ನಿಲ್ಸನ್ ಹುವಾನಿತಾಳ ಬುರುಡೆಯ ಅಳತೆ ಆಧರಿಸಿ ಅವಳ ಮುಖ ಮಾಡಿದ್ದಾರೆ. ಬಿಸಿಲಿಗೆ ಒಣಗಿದ ಮುಖಕ್ಕಿಂತ ಅದು ಬದುಕಿದ್ದ ಹುಡುಗಿಗೆ ಹತ್ತಿರ. ಬೆಟ್ಟದಲ್ಲಿ ಸಿಕ್ಕ ನೇಯ್ಗೆ ಬಟ್ಟೆ, ಬೆಳ್ಳಿ ಪಿನ್ನು, ಚಿನ್ನದ ಪುಟ್ಟ ಗೊಂಬೆಗಳು ಇವೆ. ಇಂಕಾ ಕತೆ ಹೇಳಲು ಅಷ್ಟು ಸಾಕು. ಈಗ ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಹುವಾನಿತಾಳಿಗೆ ವಿಶ್ರಾಂತಿ ಕೊಡುತ್ತಾರೆ, ಆದರೆ ಆ ಜಾಗದಲ್ಲಿ ಬಲಿಯಾದ ಇನ್ನೊಬ್ಬರ ದೇಹ ಇಡುತ್ತಾರೆ.

ತೀರ್ಮಾನ ಯಾರದ್ದು ಅನ್ನುವುದೂ ಮುಖ್ಯ. ಅರ್ಜೆಂಟೀನಾ 2001ರಲ್ಲಿ ಮೂಲನಿವಾಸಿ ಸಮುದಾಯಗಳಿಗೆ ಮ್ಯೂಸಿಯಂಗಳಲ್ಲಿರುವ ತಮ್ಮ ಹಿರಿಯರ ದೇಹಗಳನ್ನು ಕೇಳುವ ಹಕ್ಕನ್ನು ಕಾನೂನಿನಲ್ಲೇ ಕೊಟ್ಟಿತು. ಆಂಪಾಟೊದ ಬುಡದ ಕೋಲ್ಕಾ ಕಣಿವೆಯ ಕೆಚುವಾ ರೈತರಿಗೂ ಹುವಾನಿತಾಳ ವಿಷಯದಲ್ಲಿ ಅಂಥ ಹಕ್ಕು ಇರಬೇಕು. ಗಾಜಿನ ಪೆಟ್ಟಿಗೆ ಮುಚ್ಚುವ ಮೊದಲು, ಮುಚ್ಚಿದ ಮೇಲೂ, ಅವರನ್ನು ಕೂರಿಸಿಕೊಂಡು ಮಾತಾಡಬೇಕು.